ಗೋಪುರಗಳ ಊರು, ಕೇಸರಿಯ ಹೊಲ



ಮುಂಬೈಯಲ್ಲಿರುವ ನಿಮ್ಮ ಮುಂದೆ ಎತ್ತರದ ಕಟ್ಟಡಗಳ ವಿಷಯ ತೆಗೆದರೆ ನೀವು ನಕ್ಕುಬಿಡುತ್ತೀರಿ. ಹೈದರಾಬಾದ್, ಚೆನ್ನೈ, ದೆಹಲಿಯ ಕೇಳುಗರೂ ಅಷ್ಟೇ. ಪಕ್ಕದವನು ಇಪ್ಪತ್ತು ಮಹಡಿ ಎಬ್ಬಿಸಿದರೆ ನಾನು ಇಪ್ಪತ್ತೆರಡು ಎಬ್ಬಿಸುತ್ತೇನೆ ಎನ್ನುವ ಪೈಪೋಟಿ ನಮ್ಮ ಕಾಲದ್ದೇ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಏಳುನೂರು ವರ್ಷಗಳ ಹಿಂದೆ, ಲಿಫ್ಟೇ ಇಲ್ಲದ ಕಾಲದಲ್ಲಿ, ಇಟಲಿಯ ಒಂದು ಪುಟ್ಟ ಗುಡ್ಡದ ಮೇಲೆ ಇದೇ ಪೈಪೋಟಿ ನಡೆದಿತ್ತು. ಅಲ್ಲಿನ ಸಿರಿವಂತ ಮನೆತನಗಳು ಕಲ್ಲಿನಲ್ಲಿ 72 ಗೋಪುರಗಳನ್ನು ಕಟ್ಟಿಸಿದವು. ಕೆಲವು 50 ಮೀಟರಿನಷ್ಟು ಎತ್ತರ. ಅವುಗಳಲ್ಲಿ 14 ಇವತ್ತಿಗೂ ನಿಂತಿವೆ.

ಆ ಊರಿನ ಹೆಸರು ಸಾನ್ ಜಿಮಿನ್ಯಾನೊ. 1990ರಲ್ಲಿ ಯುನೆಸ್ಕೊ ಇದರ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿಯ ಯಾವ ಕ್ಯಾಲೆಂಡರ್ ತೆಗೆದರೂ ಒಂದು ತಿಂಗಳ ಪುಟದಲ್ಲಿ ಈ ಗೋಪುರಗಳ ಚಿತ್ರ ಇದ್ದರೆ ಆಶ್ಚರ್ಯವಿಲ್ಲ. ಆದರೆ ಚಿತ್ರ ನೋಡುವವರು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ. ಗುಡ್ಡದ ಮೇಲಿನ ಇಷ್ಟು ಸಣ್ಣ ಊರಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು? ಅದಕ್ಕೆ ಉತ್ತರ ಬೇಕಾದರೆ ಗೋಪುರ ನೋಡುವುದನ್ನು ಬಿಟ್ಟು ಗುಡ್ಡದ ಕೆಳಗಿನ ಹೊಲಗಳನ್ನು ನೋಡಬೇಕು. ಈ ಬಾರಿ ನಿಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಗುಡ್ಡದ ಮೇಲೊಂದು ಊರು

ಟಸ್ಕನಿ ಪ್ರಾಂತ್ಯದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ಎಂಬ ಎರಡು ದೊಡ್ಡ ನಗರಗಳ ನಡುವೆ ಎಲ್ಸಾ ನದಿಯ ಕಣಿವೆ. ಆ ಕಣಿವೆಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 324 ಮೀಟರ್ ಮೇಲೆ ಈ ಊರು ಕೂತಿದೆ. ಇಲ್ಲಿಗೆ ರೈಲಿಲ್ಲ. ಪೊಜ್ಜಿಬೋನ್ಸಿ ಎಂಬ ಕೆಳಗಿನ ಪೇಟೆಯವರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿಯಬೇಕು. ದ್ರಾಕ್ಷಿತೋಟ, ಆಲಿವ್ ಮರಗಳ ಸಾಲು, ಮತ್ತೆ ದ್ರಾಕ್ಷಿತೋಟ. ಬಸ್ಸು ತಿರುವು ಹತ್ತುತ್ತಿದ್ದಂತೆ ದೂರದಲ್ಲಿ ಗೋಪುರಗಳು ಕಾಣಿಸುತ್ತವೆ, ಇನ್ನೊಂದು ತಿರುವಿನಲ್ಲಿ ಮರೆಯಾಗುತ್ತವೆ.

ಊರಿಗೆ ಕೋಟೆಗೋಡೆ ಇದೆ. 1262ರ ಸಾನ್ ಜೊವಾನ್ನಿ ಬಾಗಿಲಿನಿಂದ ಒಳಗೆ ಬಂದರೆ ಏರುಬೀದಿ ನೇರ ನಡುವಿನ ಚೌಕಕ್ಕೆ ಒಯ್ಯುತ್ತದೆ. ಚೌಕ ಎಂದೆ, ಆದರೆ ಅದು ತ್ರಿಕೋನಾಕಾರದ್ದು. ನಟ್ಟನಡುವೆ ಕಲ್ಲಿನ ಕಟ್ಟೆ ಕಟ್ಟಿದ ಬಾವಿ. 1273ರಲ್ಲಿ ಕಟ್ಟಿದ್ದು, 1346ರಲ್ಲಿ ದೊಡ್ಡದು ಮಾಡಿದ್ದು. ಹತ್ತಿರ ಹೋಗಿ ಕಟ್ಟೆಯ ಅಂಚನ್ನು ಮುಟ್ಟಿ ನೋಡಿ. ನೂರಾರು ವರ್ಷ ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಗೀರು ಬಿದ್ದಿದೆ. ನಮ್ಮೂರ ಸೇದುವ ಬಾವಿಯ ಕಟ್ಟೆಯ ಮೇಲೂ ಇಂಥದೇ ಗೀರುಗಳಿರುತ್ತವಲ್ಲ? ನೀರು ಸೇದಿದವರ ಹೆಸರು ಎಲ್ಲೂ ಬರೆದಿಲ್ಲ, ಅವರ ಕೈಯ ಗುರುತು ಮಾತ್ರ ಉಳಿದಿದೆ. ಇಡೀ ಊರಿನ ಇತಿಹಾಸವೂ ಹೆಚ್ಚು ಕಡಿಮೆ ಹೀಗೆಯೇ.

ಊರಿಗೆ ಹೆಸರು ಬಂದದ್ದು ನಾಲ್ಕನೇ ಶತಮಾನದಲ್ಲಿದ್ದ ಮೊದೆನಾ ನಗರದ ಬಿಷಪ್ ಸಂತ ಜಿಮಿನ್ಯಾನೊ ಅವರಿಂದ. ದಾಳಿಕಾರರಿಂದ ಆ ಸಂತ ಊರನ್ನು ಕಾಪಾಡಿದ ಎಂಬುದು ಐತಿಹ್ಯ. ಇಲ್ಲಿನ ಚಿತ್ರಶಾಲೆಯಲ್ಲಿ ತದ್ದೆಯೊ ದಿ ಬಾರ್ತೊಲೊ ಎಂಬ ಚಿತ್ರಕಾರ ಬರೆದ ಒಂದು ಹಲಗೆ ಚಿತ್ರವಿದೆ. ಸಂತ ಕೂತಿದ್ದಾನೆ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗೆ ಇಡೀ ಊರನ್ನು ಗೋಪುರಗಳ ಸಮೇತ ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಆರುನೂರು ವರ್ಷದ ಹಿಂದಿನ ಆ ಚಿತ್ರದ ಊರಿಗೂ ಇಂದಿನ ಊರಿಗೂ ಇರುವ ಹೋಲಿಕೆ ಕಂಡರೆ ಯಾರಿಗೂ ಬೆರಗಾಗಬೇಕು.

ದಾರಿ, ದ್ರಾಕ್ಷಿ, ಕೇಸರಿ

ಮೊದಲ ಅದೃಷ್ಟ ದಾರಿಯದು. ಫ್ರಾನ್ಸಿನ ಕಡೆಯಿಂದ ರೋಮ್‌ಗೆ ಹೋಗುವ ಯಾತ್ರಿಕರ ಹೆದ್ದಾರಿ, ಫ್ರಾಂಚಿಜೆನಾ ಎಂದು ಅದರ ಹೆಸರು, ಈ ಊರಿನ ಮೂಲಕವೇ ಹಾದುಹೋಗುತ್ತಿತ್ತು. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ರೋಮ್‌ನಿಂದ ಮರಳುವಾಗ ತಾನು ತಂಗಿದ ಊರುಗಳ ಪಟ್ಟಿ ಮಾಡಿಟ್ಟ. ಆ ಪಟ್ಟಿಯಲ್ಲಿ ಸಾನ್ ಜಿಮಿನ್ಯಾನೊದ ಹೆಸರಿದೆ. ಯಾತ್ರಿಕರು ಬಂದರೆ ಛತ್ರ ಬೇಕು, ಲಾಯ ಬೇಕು, ಊಟ ಬೇಕು, ಹಣ ಬದಲಿಸುವವರು ಬೇಕು. ಊರು ಬೆಳೆಯಿತು. ಅಲ್ಲಿಯವರೆಗೆ ವೊಲ್ತೆರ್ರಾದ ಬಿಷಪ್ಪರ ಹಿಡಿತದಲ್ಲಿದ್ದ ಜನ 1199ರಲ್ಲಿ ಸ್ವತಂತ್ರರಾಗಿ ತಮ್ಮದೇ ನಗರಾಡಳಿತ ಕಟ್ಟಿಕೊಂಡರು.

ಎರಡನೆಯ ಅದೃಷ್ಟ ಮಣ್ಣಿನದು. ಇಲ್ಲಿ ವೆರ್ನಾಚ್ಚಾ ಎಂಬ ಬಿಳಿ ದ್ರಾಕ್ಷಾರಸ ಆಗುತ್ತದೆ. ಊರಾಚೆ ಹೋಗುವ ಪ್ರತಿ ಹೇರಿಗೂ ಸುಂಕ ಕೊಡಬೇಕೆಂದು 1276ರಲ್ಲೇ ನಗರಸಭೆ ನಿಯಮ ಮಾಡಿತ್ತು. ಸುಂಕ ಹಾಕುವಷ್ಟು ಮಾಲು ಹೊರಗೆ ಹೋಗುತ್ತಿತ್ತು ಎಂದರೆ ಅದಕ್ಕೆ ಎಷ್ಟು ಹೆಸರಿತ್ತೆಂದು ನೀವೇ ಊಹಿಸಿ. 1966ರಲ್ಲಿ ಇಟಲಿ ಸರ್ಕಾರ ದ್ರಾಕ್ಷಾರಸಗಳಿಗೆ ಮೂಲಸ್ಥಾನದ ಮುದ್ರೆ ಕೊಡಲು ಶುರುಮಾಡಿದಾಗ ಮೊಟ್ಟಮೊದಲ ಮುದ್ರೆ ಸಿಕ್ಕಿದ್ದು ಈ ವೆರ್ನಾಚ್ಚಾಕ್ಕೇ.

ಆದರೆ ಊರಿನ ನಿಜವಾದ ಚಿನ್ನ ಎಂದರೆ ಕೇಸರಿ. ಹೌದು, ನಾವು ಹಬ್ಬದ ಪಾಯಸಕ್ಕೆ ಎರಡೇ ಎಸಳು ಎಣಿಸಿ ಹಾಕುವ ಅದೇ ಕೇಸರಿ. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಗಿಡವೇ ಇಲ್ಲಿಯೂ ಬೆಳೆಯುತ್ತದೆ. 1228ರ ಒಂದು ಲೆಕ್ಕ ಕೇಳಿ. ನೇರಾ ಎಂಬ ಕೋಟೆಗೆ ಮುತ್ತಿಗೆ ಹಾಕಿದಾಗ ನಗರಸಭೆ ಸಾಲ ಮಾಡಿತ್ತು. ಆ ಸಾಲವನ್ನು ಸ್ವಲ್ಪ ನಾಣ್ಯದಲ್ಲಿ, ಸ್ವಲ್ಪ ಕೇಸರಿಯಲ್ಲಿ ತೀರಿಸಿತು! ಕೇಸರಿ ಅಂದರೆ ದುಡ್ಡೇ. ಅಡುಗೆಗೆ, ಬಟ್ಟೆಯ ಬಣ್ಣಕ್ಕೆ, ಔಷಧಿಗೆ ಎಲ್ಲಕ್ಕೂ ಬೇಕಾಗಿದ್ದ ಈ ಸರಕನ್ನು ಹೊತ್ತು ಇಲ್ಲಿನ ವ್ಯಾಪಾರಿಗಳು ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಬಂದರುಗಳವರೆಗೂ ಹೋದರು.

ಅದರ ಹಿಂದಿನ ದುಡಿಮೆಯನ್ನೂ ನೋಡಿ. ಬೇಸಿಗೆಯ ಕೊನೆಯಲ್ಲಿ ಗಡ್ಡೆ ಊರುತ್ತಾರೆ. ಅಕ್ಟೋಬರ್-ನವೆಂಬರಿನಲ್ಲಿ ನೇರಳೆ ಬಣ್ಣದ ಹೂ ಬಿಡುತ್ತದೆ. ಬಿಸಿಲೇರಿ ಹೂ ಅರಳುವ ಮೊದಲೇ ಬೆಳಗಿನ ಚಳಿಯಲ್ಲಿ ನಡು ಬಗ್ಗಿಸಿ ಒಂದೊಂದೇ ಹೂವನ್ನು ಕೈಯಿಂದ ಕೀಳಬೇಕು. ಆಮೇಲೆ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು, ಪ್ರತಿ ಹೂವಿನಿಂದ ಮೂರೇ ಮೂರು ಕೆಂಪು ಎಳೆಗಳನ್ನು ಬಿಡಿಸಬೇಕು. ಕೆಂಡದ ಹತ್ತಿರ ಹದವಾಗಿ ಒಣಗಿಸಬೇಕು. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಯಂತ್ರಗಳ ಈ ಕಾಲದಲ್ಲೂ ಇದು ಕೈಕೆಲಸವೇ.

ಗೋಪುರ ಯಾಕೆ ಬೇಕಿತ್ತು?

ಹೀಗೆ ಬಂದ ಹಣ ಮೇಲಕ್ಕೆ ಎದ್ದಿತು. ಊರಿನಲ್ಲಿ ಎರಡು ಬಣ. ಪೋಪ್ ಪಕ್ಷದ ಗ್ವೆಲ್ಫರು, ಚಕ್ರವರ್ತಿ ಪಕ್ಷದ ಗಿಬೆಲಿನರು. ಆರ್ದಿಂಗೆಲ್ಲಿ ಮನೆತನ ಒಂದು ಕಡೆ, ಸಾಲ್ವುಚ್ಚಿ ಮನೆತನ ಇನ್ನೊಂದು ಕಡೆ. ಬೀದಿಯಲ್ಲಿ ಬಡಿದಾಟ ಶುರುವಾದರೆ ಓಡಿಹೋಗಿ ಬಾಗಿಲು ಹಾಕಿಕೊಳ್ಳಲು ದಪ್ಪ ಗೋಡೆಯ ಗೋಪುರ ಬೇಕಿತ್ತು. ಆದರೆ ಬರೀ ರಕ್ಷಣೆಯ ಮಾತಾಗಿದ್ದರೆ ಅಷ್ಟು ಎತ್ತರ ಬೇಕಿರಲಿಲ್ಲ. ಗೋಡೆಗಳು ಅಷ್ಟು ದಪ್ಪ ಇದ್ದುದರಿಂದ ಒಳಗೆ ಇಕ್ಕಟ್ಟಾದ ಕೋಣೆಗಳು; ನೆಮ್ಮದಿಯಾಗಿ ಸಂಸಾರ ಮಾಡುವ ಜಾಗವಲ್ಲ. ಅದು ಮುಖ್ಯವಾಗಿ ತೋರಿಕೆಗೆ. ನನ್ನ ಮನೆತನ ಇಷ್ಟೆತ್ತರ ಎಂದು ಊರಿಗೆಲ್ಲ ಸಾರುವುದಕ್ಕೆ.

ಕೊನೆಗೆ ನಗರಸಭೆಗೇ ಸಾಕಾಯಿತು. 1255ರಲ್ಲಿ ಕಾನೂನು ಬಂತು: ಆಡಳಿತಗಾರನ ಮನೆಯ ಮೇಲಿನ ಗೋಪುರಕ್ಕಿಂತ ಎತ್ತರದ ಗೋಪುರವನ್ನು ಯಾವ ಖಾಸಗಿ ಮನೆಯೂ ಕಟ್ಟಕೂಡದು. ಆ ಗೋಪುರ ರೊನ್ಯೋಸಾ, ಸುಮಾರು 51 ಮೀಟರ್. ಕಾನೂನು ಮಾಡಿದ ನಗರಸಭೆ ಮಾತ್ರ ತನಗೆ ಹೊಸ ಸಭಾಭವನ ಕಟ್ಟಿಸಿಕೊಂಡು, ಪಕ್ಕದಲ್ಲಿ 54 ಮೀಟರಿನ 'ದೊಡ್ಡ ಗೋಪುರ'ವನ್ನು 1311ರಲ್ಲಿ ಮುಗಿಸಿತು. ನಿಯಮ ಯಾರಿಗೆ, ವಿನಾಯಿತಿ ಯಾರಿಗೆ ಎನ್ನುವ ಕಥೆ ಎಲ್ಲ ಊರಿನಲ್ಲೂ ಒಂದೇ ನೋಡಿ. ಆ ಗೋಪುರವನ್ನು ಇವತ್ತು ನೀವೂ ಹತ್ತಬಹುದು.

ಅದೇ ಸಭಾಭವನದ ಒಂದು ಹಜಾರಕ್ಕೆ ದಾಂತೆಯ ಹೆಸರಿದೆ. 1300ರ ಮೇ ತಿಂಗಳಲ್ಲಿ ಮಹಾಕವಿ ದಾಂತೆ ಫ್ಲಾರೆನ್ಸಿನ ರಾಯಭಾರಿಯಾಗಿ ಬಂದು, ಗ್ವೆಲ್ಫರ ಒಕ್ಕೂಟದ ಸಭೆಗೆ ಪ್ರತಿನಿಧಿಗಳನ್ನು ಕಳುಹಿಸಿ ಎಂದು ಇಲ್ಲಿ ಕೇಳಿಕೊಂಡ. ಎರಡೇ ವರ್ಷದಲ್ಲಿ, 1302ರಲ್ಲಿ, ಅವನ ಊರೇ ಅವನನ್ನು ಗಡೀಪಾರು ಮಾಡಿತು. ಮತ್ತೆ ಅವನು ಫ್ಲಾರೆನ್ಸ್ ನೋಡಲಿಲ್ಲ.

ಇದೇ ಊರಿನಲ್ಲಿ ಜನ ಇವತ್ತಿಗೂ ನೆನೆಯುವುದು ಗೋಪುರ ಕಟ್ಟಿಸಿದ ಸಾಹುಕಾರರನ್ನಲ್ಲ. ಫೀನಾ ಎಂಬ ಹುಡುಗಿಯನ್ನು. ಕಾಯಿಲೆ ಬಿದ್ದು ಮರದ ಹಲಗೆಯ ಮೇಲೆ ವರ್ಷಗಟ್ಟಲೆ ಮಲಗಿದ್ದು, 1253ರ ಮಾರ್ಚ್ 12ರಂದು, ಹದಿನೈದರ ಪ್ರಾಯದಲ್ಲಿ ತೀರಿಕೊಂಡಳು. ಅವಳು ಸತ್ತ ದಿನ ಗೋಪುರಗಳ ಕಲ್ಲಿನ ಸಂದಿಯಲ್ಲಿ ಹೂ ಅರಳಿತು ಎನ್ನುತ್ತಾರೆ. ಈಗಲೂ ಮಾರ್ಚ್ ತಿಂಗಳಲ್ಲಿ ಆ ಗೋಡೆಗಳಲ್ಲಿ ಹಳದಿ ಹೂ ಬಿಡುತ್ತದೆ. ಅವಳ ಹೆಸರಿನಲ್ಲಿ ಒಂದು ಆಸ್ಪತ್ರೆ ಹುಟ್ಟಿತು. ಅದರ ಔಷಧಶಾಲೆಯ ಪಿಂಗಾಣಿ ಜಾಡಿಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ದೊಡ್ಡ ಚರ್ಚಿನಲ್ಲಿ ಗಿರ್ಲಾಂದಾಯೊ ಬರೆದ ಫೀನಾಳ ಅಂತ್ಯದ ಭಿತ್ತಿಚಿತ್ರ ಇದೆ. ಚಿತ್ರದ ಹಿನ್ನೆಲೆಯಲ್ಲಿ ಇದೇ ಗೋಪುರಗಳು.

1348: ಎಲ್ಲ ನಿಂತುಹೋದ ವರ್ಷ

1348ರಲ್ಲಿ ಯುರೋಪನ್ನೆಲ್ಲ ಅಲ್ಲಾಡಿಸಿದ ಮಹಾಪ್ಲೇಗು ಇಲ್ಲಿಗೂ ಬಂತು. ಜನ ಹುಳುಗಳಂತೆ ಸತ್ತರು. ಕೇಸರಿ ಬಿಡಿಸುವ ಕೈಗಳೂ ಇಲ್ಲ, ಕೊಳ್ಳುವವರೂ ಇಲ್ಲ. ಯಾತ್ರಿಕರ ದಾರಿಯೂ ಕ್ರಮೇಣ ಗುಡ್ಡ ಬಿಟ್ಟು ಕೆಳಗಿನ ಕಣಿವೆಗೆ ಇಳಿಯಿತು. ಸೋತು ಸುಣ್ಣವಾದ ಊರು 1353ರಲ್ಲಿ ಫ್ಲಾರೆನ್ಸಿಗೆ ಶರಣಾಯಿತು. ಸ್ವಾತಂತ್ರ್ಯ ಬಂದು 154 ವರ್ಷಕ್ಕೆ ಮುಗಿಯಿತು.

ಇಲ್ಲೇ ಒಂದು ವಿಚಿತ್ರ ನೋಡಿ. ಫ್ಲಾರೆನ್ಸಿನಲ್ಲೂ ಇಂಥ ಗೋಪುರಗಳು ಬೇಕಾದಷ್ಟಿದ್ದವು. 1250ರಲ್ಲಿ ಅಲ್ಲಿನ ಜನಪಕ್ಷದ ಸರ್ಕಾರ ಅವುಗಳ ತಲೆ ಕತ್ತರಿಸಿ ಗಿಡ್ಡ ಮಾಡಿಸಿತು. ಆಮೇಲೆ ಶ್ರೀಮಂತಿಕೆ ಹೆಚ್ಚಿದಂತೆ ಹಳೆಯದನ್ನು ಕೆಡವಿ ಅರಮನೆಗಳನ್ನು ಕಟ್ಟಿದರು. ಸಾನ್ ಜಿಮಿನ್ಯಾನೊದ ಹತ್ತಿರ ಹಾಗೆ ಹೊಸದಾಗಿ ಕಟ್ಟಲು ದುಡ್ಡೇ ಇರಲಿಲ್ಲ. ಬಹುಪಾಲು ಗೋಪುರಗಳು ಕಾಲಕ್ರಮದಲ್ಲಿ ಬಿದ್ದವು, ಉಳಿದವು ಹಾಗೇ ನಿಂತವು. ಇಂದು ಪ್ರಪಂಚ ಮೆಚ್ಚುವ ಆ ಚೆಂದ ಬಡತನ ಕಾಪಾಡಿಕೊಟ್ಟ ಚೆಂದ. ಅದನ್ನು ನೋಡಿ ಖುಷಿಪಡುವಾಗ, ಆ ಐನೂರು ವರ್ಷ ಅಲ್ಲಿ ಬದುಕಿದವರಿಗೆ ಅದರಲ್ಲಿ ಖುಷಿ ಏನೂ ಇರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ಅರ್ಧ ಪಾಲಿನ ಬದುಕು

ಆ ಐನೂರು ವರ್ಷ ಊರನ್ನು ಸಾಕಿದ್ದು ಸುತ್ತಲಿನ ರೈತರು. ಪ್ಲೇಗಿನ ನಂತರ ನಗರದ ಹಣವಂತರು ಹಳ್ಳಿಯ ಜಮೀನು ಕೊಂಡುಕೊಂಡರು. ಉಳುವವರಿಗೆ ಅದನ್ನು ಪಾಲಿಗೆ ಕೊಟ್ಟರು. ಈ ಪದ್ಧತಿಗೆ ಅವರ ಭಾಷೆಯಲ್ಲಿ ಮೆಜ್ಜಾದ್ರಿಯಾ ಎನ್ನುತ್ತಾರೆ. 'ಮೆಜ್ಜೊ' ಎಂದರೆ ಅರ್ಧ. ಭೂಮಿ, ಮನೆ ಧಣಿಯದು, ದುಡಿಮೆ ಒಕ್ಕಲಿನದು, ಬೆಳೆ ಅರ್ಧ-ಅರ್ಧ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅರ್ಧದ ಆಚೆಗೆ ಇನ್ನೂ ಇತ್ತು. ಹಬ್ಬಕ್ಕೆ ಧಣಿಯ ಮನೆಗೆ ಕೋಳಿ ಕೊಡಬೇಕು, ಮೊಟ್ಟೆ ಕೊಡಬೇಕು. ಲೆಕ್ಕದ ಪುಸ್ತಕ ಧಣಿಯ ಪಾರುಪತ್ಯಗಾರನ ಕೈಯಲ್ಲಿ. ಬೆಳೆ ಕೆಟ್ಟ ವರ್ಷ ತಂದ ಕಾಳು ಸಾಲವಾಗಿ ಆ ಪುಸ್ತಕದಲ್ಲಿ ಕೂರುತ್ತಿತ್ತು. ಮಕ್ಕಳ ಮದುವೆಗೂ ಧಣಿಯ ಒಪ್ಪಿಗೆ ಕೇಳಬೇಕಾದ ಕರಾರುಗಳಿದ್ದವು, ಏಕೆಂದರೆ ಮನೆಯಲ್ಲಿ ಎಷ್ಟು ದುಡಿಯುವ ಕೈ, ಎಷ್ಟು ಉಣ್ಣುವ ಬಾಯಿ ಎನ್ನುವುದು ಧಣಿಯ ಲೆಕ್ಕಕ್ಕೂ ಬರುತ್ತಿತ್ತು. ಜಮೀನು ಬಿಡು ಎಂದರೆ ಮನೆಯನ್ನೂ ಬಿಟ್ಟು ಗಂಟುಮೂಟೆ ಕಟ್ಟಬೇಕು.

ಮನೆಗಳು ಹೊಲದ ನಡುವೆ ಒಂಟಿಯಾಗಿ ಇರುತ್ತಿದ್ದವು. ಕೆಳಗೆ ಕೊಟ್ಟಿಗೆ, ಮೇಲೆ ಸಂಸಾರ. ದನಗಳ ಬಿಸಿಯೇ ಚಳಿಗಾಲದಲ್ಲಿ ಮೇಲಿನವರಿಗೂ ಆಸರೆ. ಕೀಯಾನಿನಾ ಎಂಬ ಬಿಳಿ ದೊಡ್ಡ ಎತ್ತುಗಳು ನೇಗಿಲಿಗೆ. ಅಜ್ಜ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಕೂಡಿದ ದೊಡ್ಡ ಕುಟುಂಬ. ಹೊಲದ ಯಜಮಾನಿಕೆ ಹಿರಿಯ ಗಂಡಸಿನದು. ಅಡುಗೆ, ಕೋಳಿ, ಹಿತ್ತಲು, ಸೊಸೆಯಂದಿರ ಉಸ್ತುವಾರಿ ಹಿರಿಯ ಹೆಂಗಸಿನದು. ಮನೆಯ ಮುಂದೆ ಕಣ. ಬೇಸಿಗೆಯಲ್ಲಿ ಗೋಧಿ ಒಕ್ಕುವಾಗ ಅಕ್ಕಪಕ್ಕದ ಒಕ್ಕಲುಗಳು ಮುಯ್ಯಿ ಆಳಾಗಿ ಬರುತ್ತಿದ್ದರು. ಆ ದಿನದ ಊಟವೇ ವರ್ಷದ ದೊಡ್ಡ ಊಟ. ಒಂದೇ ಹೊಲದಲ್ಲಿ ಎಲ್ಲವೂ ಇರುತ್ತಿತ್ತು. ಮೇಪಲ್ ಮರಗಳಿಗೆ ದ್ರಾಕ್ಷಿ ಬಳ್ಳಿ ಹಬ್ಬಿಸಿ, ಆ ಸಾಲುಗಳ ನಡುವೆ ಗೋಧಿ ಬಿತ್ತುತ್ತಿದ್ದರು. ಮರದ ಎಲೆ ದನಕ್ಕೆ, ಕಡ್ಡಿ ಒಲೆಗೆ. ಶರತ್ಕಾಲದಲ್ಲಿ ದ್ರಾಕ್ಷಿ, ನವೆಂಬರಿನಲ್ಲಿ ಆಲಿವ್ ಕಿತ್ತು ಗಾಣಕ್ಕೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಇರಲಿ ಎನ್ನುವ ಜಾಣತನ ಅದು.

ಈ ದುಡಿಮೆಯನ್ನು ಚಿತ್ರದಲ್ಲಿ ನೋಡಬೇಕೆಂದರೆ ಹತ್ತಿರದ ಸಿಯೆನಾಕ್ಕೆ ಹೋಗಿ. ಅಲ್ಲಿನ ಸಭಾಭವನದ ಗೋಡೆಯ ಮೇಲೆ ಅಂಬ್ರೋಜೊ ಲೊರೆಂಜೆತ್ತಿ 1338-39ರಲ್ಲಿ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಚಿತ್ರಗಳನ್ನು ಬರೆದ. ಒಳ್ಳೆಯ ಆಡಳಿತದ ಗೋಡೆಯಲ್ಲಿ ಅರ್ಧ ನಗರ, ಅರ್ಧ ಹಳ್ಳಿ. ಉಳುವವರು, ಕಾಳು ಬಡಿಯುವವರು, ಕತ್ತೆಯ ಮೇಲೆ ಹೇರು ಹಾಕಿ ಪೇಟೆಗೆ ಬರುವವರು, ಬೆನ್ನಿಗೆ ಬಿಳಿ ಪಟ್ಟಿಯ ಹಂದಿಯನ್ನು ಅಟ್ಟಿಕೊಂಡು ಬರುವವನು. ಹಳ್ಳಿ ಚೆನ್ನಾಗಿದ್ದರೆ ಮಾತ್ರ ನಗರ ಚೆನ್ನಾಗಿರುತ್ತದೆ ಎಂದು ಆಳುವವರ ಕಣ್ಣೆದುರಿಗೇ ಬರೆದಿಟ್ಟ ಪಾಠ. ಅದು ಮುಗಿದು ಹತ್ತು ವರ್ಷದೊಳಗೆ ಪ್ಲೇಗು ಬಂತು.

ಹೊಲ ಬಿಟ್ಟು ಹೋದವರು

ಇಪ್ಪತ್ತನೆಯ ಶತಮಾನದವರೆಗೂ ಈ ಅರ್ಧ ಪಾಲು ನಡೆಯಿತು. ಎರಡನೆಯ ಮಹಾಯುದ್ಧದ ನಂತರ ಟಸ್ಕನಿಯ ಪಾಲುದಾರ ರೈತರು ಹೋರಾಟಕ್ಕಿಳಿದರು. 1947ರಲ್ಲಿ ರೈತರ ಪಾಲು ನೂರಕ್ಕೆ 50ರಿಂದ 53ಕ್ಕೆ ಏರಿತು. ಶತಮಾನಗಳ ಮೇಲೆ ಮೂರು ಪಾಲಿನ ಗೆಲುವು! ಆದರೆ ಅಷ್ಟರಲ್ಲಿ ಕಣಿವೆಯಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ತಿಂಗಳಿಗೆ ಸಂಬಳ, ಮನೆಗೆ ನಲ್ಲಿ, ಭಾನುವಾರ ರಜೆ. ಹುಡುಗರು ಮೊದಲು ಹೋದರು. ಪಾಲಿನ ಮನೆಗೆ ಸೊಸೆಯಾಗಿ ಬರಲು ಹುಡುಗಿಯರು ಒಪ್ಪಲಿಲ್ಲ. 1964ರ ಸೆಪ್ಟೆಂಬರಿನಲ್ಲಿ ಹೊಸ ಪಾಲು ಕರಾರು ಮಾಡಕೂಡದೆಂದು ಕಾನೂನು ಬಂತು. ಉಳಿದವನ್ನು ಗೇಣಿಗೆ ಬದಲಿಸಲು 1982ರಲ್ಲಿ ಮತ್ತೊಂದು ಕಾನೂನು. ಆ ಹೊತ್ತಿಗೆ ಎಷ್ಟೋ ಮನೆಗಳ ಬಾಗಿಲು ಮುಚ್ಚಿಯೇ ಹೋಗಿತ್ತು.

ಗೇಣಿ ಎಂದಾಗ ನಿಮ್ಮಲ್ಲಿ ಕೆಲವರಿಗೆ ಮನೆಯ ಮಾತು ನೆನಪಾಗಿರಬೇಕು. ನಮ್ಮ ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಉಳುವವನೇ ಹೊಲದೊಡೆಯ ಎಂದಿತು. ಇಟಲಿಯ ಕಾನೂನು ಕರಾರನ್ನು ಬದಲಿಸಿತೇ ಹೊರತು ಒಡೆತನವನ್ನು ಉಳುವವನಿಗೆ ಕೊಡಲಿಲ್ಲ. ಅಲ್ಲಿನವರು ಭೂಮಿಗಾಗಿ ಕಾಯದೆ ಪೇಟೆಯ ದಾರಿ ಹಿಡಿದರು.

ಖಾಲಿಯಾದ ಆ ಕಲ್ಲಿನ ಮನೆಗಳು ಏನಾದವು? 1985ರಲ್ಲಿ ಕೃಷಿ ಪ್ರವಾಸಕ್ಕೆಂದೇ ಇಟಲಿ ಕಾನೂನು ಮಾಡಿತು. ರೈತರು ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಂಡು, ತಾವು ಬೆಳೆದದ್ದನ್ನೇ ಬಡಿಸಬಹುದು. ಹಳೆಯ ಕೊಟ್ಟಿಗೆ ಊಟದ ಹಜಾರವಾಯಿತು. ಮರಕ್ಕೆ ಹಬ್ಬಿದ ಬಳ್ಳಿ ಹೋಗಿ, ತಂತಿಗೆ ಕಟ್ಟಿದ ದ್ರಾಕ್ಷಿಯ ನೆಟ್ಟಗಿನ ಸಾಲುಗಳು ಬಂದವು. ಕೇಸರಿ ಬೇಸಾಯ ಮತ್ತೆ ಚಿಗುರಿತು. 2005ರಲ್ಲಿ ಯುರೋಪಿನ ಮೂಲಸ್ಥಾನದ ಮುದ್ರೆಯೂ ಸಿಕ್ಕಿತು. ಸಾನ್ ಜಿಮಿನ್ಯಾನೊಗೆ ಹಣ ಮತ್ತೆ ದಾರಿಯಿಂದಲೇ ಬರುತ್ತಿದೆ. ಅಂದಿನ ಯಾತ್ರಿಕರ ಜಾಗದಲ್ಲಿ ಇಂದು ಪ್ರವಾಸಿಗರು. ಆದರೆ ಕೋಟೆಯ ಒಳಗೆ ಸಂಸಾರ ಮಾಡುವವರು ಕಡಿಮೆ, ಬಾಡಿಗೆ ಕೋಣೆಗಳೂ ಅಂಗಡಿಗಳೂ ಹೆಚ್ಚು. ನೋಡುವವರು ತುಂಬಿದ್ದರೂ ಇರುವವರು ಕಡಿಮೆಯಾದರೆ ಅದನ್ನು ಊರು ಎಂದು ಎಷ್ಟು ದಿನ ಕರೆಯಬಹುದು? 1348ರ ನಂತರ ಈ ಗುಡ್ಡ ಎದುರಿಸುತ್ತಿರುವ ದೊಡ್ಡ ಪ್ರಶ್ನೆ ಇದೇ ಇರಬೇಕು.

ನೀವು ಹೋದರೆ

ಮಕ್ಕಳು ಯುರೋಪಿನಲ್ಲಿದ್ದು ನೀವೆಂದಾದರೂ ಆ ಕಡೆ ಹೋಗುವವರಾದರೆ, ಸಾಧ್ಯವಾದರೆ ಅಕ್ಟೋಬರ್ ಕೊನೆಯಲ್ಲಿ ಹೋಗಿ. ಕೇಸರಿ ಹೂವಿನ ಕಾಲ ಅದು. ರಾತ್ರಿ ಅಲ್ಲೇ ಉಳಿಯಿರಿ. ಸಂಜೆ ಪ್ರವಾಸಿ ಬಸ್ಸುಗಳು ಇಳಿದುಹೋದ ಮೇಲೆ ಊರು ತನ್ನ ಪಾಡಿಗೆ ತಾನಾಗುತ್ತದೆ. ಗೋಪುರ ಹತ್ತಿದಾಗ ಕೆಳಗಿನ ಛಾವಣಿಗಳನ್ನಷ್ಟೇ ನೋಡಬೇಡಿ, ಅದರಾಚೆಯ ಹೊಲಗಳನ್ನೂ, ಅಲ್ಲೊಂದು ಇಲ್ಲೊಂದು ಒಂಟಿ ಮನೆಗಳನ್ನೂ ನೋಡಿ. ಸಮಯವಿದ್ದರೆ ಸಿಯೆನಾದ ದಕ್ಷಿಣಕ್ಕಿರುವ ಬ್ವಾನ್‌ಕೊನ್ವೆಂತೊ ಎಂಬ ಊರಿಗೂ ಹೋಗಿ. ಪಾಲುದಾರ ರೈತರ ಬದುಕಿಗಾಗಿಯೇ ಅಲ್ಲೊಂದು ವಸ್ತುಸಂಗ್ರಹಾಲಯವಿದೆ. ಹೆಸರಿಲ್ಲದವರ ನೇಗಿಲು, ನೊಗ, ಒಲೆ, ಬುಟ್ಟಿಗಳನ್ನು ಗೌರವದಿಂದ ಇಟ್ಟಿದ್ದಾರೆ.

ಹೋಗಲಾಗದಿದ್ದರೆ ಇನ್ನೊಂದು ಕೆಲಸ ಮನೆಯಲ್ಲೇ ಕೂತು ಮಾಡಬಹುದು. ನಮ್ಮಲ್ಲಿ ಬಹಳ ಜನ ಧಾರವಾಡದ ಕಡೆಯ, ಮಂಡ್ಯದ ಕಡೆಯ, ಉಡುಪಿಯ ಕಡೆಯ ಹೊಲಗದ್ದೆ ಬಿಟ್ಟು ಈ ಮಹಾನಗರಗಳಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಮುಂದಿನ ಬಾರಿ ಊರಿಗೆ ಫೋನು ಮಾಡಿದಾಗ ಹಿರಿಯರನ್ನು ಕೇಳಿ: ನಮ್ಮ ಹೊಲ ಯಾರದಾಗಿತ್ತು, ಪಾಲು ಎಷ್ಟಿತ್ತು, ಕಣದಲ್ಲಿ ರಾಶಿ ಹೇಗೆ ಅಳೆಯುತ್ತಿದ್ದರು, ಮುಯ್ಯಿಗೆ ಯಾರು ಬರುತ್ತಿದ್ದರು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದಿಡಿ, ದಿನಾಂಕ ಹಾಕಿ. ಆ ಹಾಳೆಯ ಒಂದು ಪ್ರತಿಯನ್ನು ನಮ್ಮ ಕನ್ನಡ ವಿಭಾಗಕ್ಕೂ ಕಳುಹಿಸಿ. ಓದಿ ಹೇಳುವ ಕೆಲಸ ನನ್ನದು.